ನಿಮ್ಮ ನಿದ್ರೆಗೊಂದು ದಿನಚರಿ



ನಿನ್ನೆ ರಾತ್ರಿ ಎಷ್ಟು ಹೊತ್ತು ನಿದ್ರೆ ಮಾಡಿದಿರಿ ಎಂದು ಕೇಳಿದರೆ ಥಟ್ಟನೆ ಹೇಳುತ್ತೀರಿ. ಕಳೆದ ವಾರದ ಮಂಗಳವಾರ? ಆಗ ತಡವರಿಸುತ್ತೀರಿ. ನಿದ್ರೆಗೆಟ್ಟ ಒಂದು ರಾತ್ರಿ ನೆನಪಿರುತ್ತದೆ. ಚೆನ್ನಾಗಿ ಮಲಗಿದ ಐದು ರಾತ್ರಿಗಳು ಮರೆತುಹೋಗುತ್ತವೆ. ಆದ್ದರಿಂದ ‘ನನಗೆ ನಿದ್ರೆಯೇ ಬರುವುದಿಲ್ಲ’ ಎಂಬ ದೂರಾಗಲಿ, ‘ನನಗೆ ಐದು ಗಂಟೆ ಸಾಕು’ ಎಂಬ ಹೆಮ್ಮೆಯಾಗಲಿ, ಬರೆದು ನೋಡುವವರೆಗೆ ಬರಿಯ ಊಹೆ.

ನಿದ್ರಾತಜ್ಞರು ಎಷ್ಟೋ ಸಲ ಮಾತ್ರೆಗಿಂತ ಮೊದಲು ಕೊಡುವುದು ಎರಡು ವಾರ ತುಂಬಬೇಕಾದ ಒಂದು ಹಾಳೆಯನ್ನು. ನೋಟ್ ಪುಸ್ತಕದಲ್ಲಿ ನೀವೂ ಅದನ್ನು ಮಾಡಿಕೊಳ್ಳಬಹುದು.

ಬೆಳಿಗ್ಗೆ ಎದ್ದೊಡನೆ ಬರೆಯಿರಿ: ದೀಪ ಆರಿಸಿದ್ದು ಎಷ್ಟು ಗಂಟೆಗೆ, ನಿದ್ರೆ ಹತ್ತಲು ಎಷ್ಟು ಹೊತ್ತಾಯಿತು, ನಡುವೆ ಎಷ್ಟು ಹೊತ್ತು ಎಚ್ಚರವಿದ್ದಿರಿ, ಹಾಸಿಗೆ ಬಿಟ್ಟದ್ದು ಯಾವಾಗ. ಜೊತೆಗೆ ಹಿಂದಿನ ದಿನದ ಕೊನೆಯ ಕಾಫಿ, ಹಗಲು ನಿದ್ರೆ, ಮೊಬೈಲ್ ಕೆಳಗಿಟ್ಟ ಸಮಯ. ಅಂದಾಜು ಸಾಕು. ರಾತ್ರಿಯೆಲ್ಲ ಗಡಿಯಾರ ನೋಡುತ್ತಿದ್ದರೆ ಬರುವ ನಿದ್ರೆಯೂ ದೂರವಾಗುತ್ತದೆ.

ಈಗ ಲೆಕ್ಕ. 10-30ಕ್ಕೆ ಮಲಗಿ 6-30ಕ್ಕೆ ಎದ್ದರೆ ಹಾಸಿಗೆಯಲ್ಲಿ ಕಳೆದದ್ದು 8 ಗಂಟೆ. ನಿದ್ರೆ ಹತ್ತಲು 45 ನಿಮಿಷ, ನಡುವಿನ ಎಚ್ಚರ 15 ನಿಮಿಷ. ಇವನ್ನು ಕಳೆದರೆ ನಿಜವಾದ ನಿದ್ರೆ 7 ಗಂಟೆ, ಅಂದರೆ ಶೇಕಡಾ 87.5. ಶೇಕಡಾ 85 ದಾಟಿದರೆ ಸಾಮಾನ್ಯವಾಗಿ ತೃಪ್ತಿಕರವೆನ್ನುತ್ತಾರೆ. ಆದರೆ 13ರಿಂದ 18 ವಯಸ್ಸಿನವರಿಗೆ ಬೇಕಾದದ್ದು 8ರಿಂದ 10 ಗಂಟೆ. ನಿದ್ರೆಯ ಗುಣ ಚೆನ್ನಾಗಿದ್ದೂ ಒಂದು ಗಂಟೆ ಸಾಲ ಉಳಿಯಿತು!

ಎರಡು ವಾರದ ಸಾಲುಗಳನ್ನು ಒಟ್ಟಿಗೆ ನೋಡಿದಾಗ ಕಾರಣಗಳು ಹೊಳೆಯುತ್ತವೆ. ಕುಡಿದ ಕೆಫೀನಿನಲ್ಲಿ ಅರ್ಧ ಭಾಗ ಸುಮಾರು ಐದು ಗಂಟೆಯ ನಂತರವೂ ದೇಹದಲ್ಲಿರುತ್ತದೆ. ಸಂಜೆ ಆರರ ಕಾಫಿ ರಾತ್ರಿ ಹನ್ನೊಂದಕ್ಕೂ ಕೆಲಸ ಮಾಡುತ್ತಿರಬಹುದು. ಹದಿಹರೆಯದಲ್ಲಿ ದೇಹದೊಳಗಿನ ಗಡಿಯಾರ ಸಹಜವಾಗಿಯೇ ತಡವಾಗಿ ನಡೆಯುತ್ತದೆ; ಅದು ಸೋಮಾರಿತನವಲ್ಲ. ಆದರೆ ಭಾನುವಾರ ಒಂಬತ್ತೂವರೆಗೆ ಎದ್ದರೆ ಅದು ಇನ್ನಷ್ಟು ಹಿಂದೆ ಬೀಳುತ್ತದೆ. ಸೋಮವಾರದ ತೂಕಡಿಕೆಯ ಮೂಲ ಅಲ್ಲೇ ಇರಬಹುದು.

ಪ್ರಯೋಗಶಾಲೆಯ ನಿಯಮ ಇಲ್ಲೂ ಅನ್ವಯಿಸುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಒಂದು ವಾರ ಸಂಜೆಯ ಕಾಫಿ ಬಿಟ್ಟು ನೋಡಿ. ಮುಂದಿನ ವಾರ ದಿನವೂ ಒಂದೇ ಹೊತ್ತಿಗೆ ಏಳಿ.

ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳಲು ನಿದ್ರೆ ಬೇಕು. ಪರೀಕ್ಷೆಗೆಂದು ಕದ್ದ ನಿದ್ರೆ ಓದನ್ನೇ ಕದಿಯುತ್ತದೆ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ರೆ ಕೆಟ್ಟರೆ, ಅಥವಾ ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಂದು ಮನೆಯವರು ಹೇಳಿದರೆ, ತಡಮಾಡದೆ ವೈದ್ಯರನ್ನು ಕಾಣಿ. ಹೋಗುವಾಗ ಈ ಪುಸ್ತಕವನ್ನೂ ಒಯ್ಯಿರಿ. ಅವರ ಅರ್ಧ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇರುತ್ತದೆ.