ಕರೆಗಳ ಧ್ವನಿಮುದ್ರಣ: ಸಾಕ್ಷ್ಯವೋ, ಕದ್ದಾಲಿಕೆಯೋ?

(ಕುಟುಂಬ ಸಮಾವೇಶವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಇಂದು ಮನೆಯ ಜಗಳವೊಂದು ಜಮಾಅತ್‌ನ ಹಿರಿಯರ ಮುಂದೆ ಬಂದಾಗ ಎರಡು ಕಡೆಯವರ ಜೊತೆಗೆ ಮೂರನೆಯ ಸಾಕ್ಷಿಯೂ ಬರುತ್ತದೆ. ಅದು ಮೊಬೈಲ್. ‘ಆಕೆ ನನ್ನ ತಾಯಿಗೆ ಏನೆಂದಳೆಂದು ನೀವೇ ಕೇಳಿ’ ಎಂದು ಗಂಡ ಒಂದು ಧ್ವನಿಯನ್ನು ಕೇಳಿಸುತ್ತಾನೆ. ‘ನಿಮ್ಮ ಮಗ ಎಷ್ಟು ಹಣಕ್ಕೆ ಬೇಡಿಕೆಯಿಟ್ಟನೆಂಬುದು ಇದರಲ್ಲಿದೆ’ ಎಂದು ಹೆಣ್ಣಿನ ತಂದೆ ಇನ್ನೊಂದನ್ನು ಮುಂದಿಡುತ್ತಾರೆ. ಮಾತುಕತೆ ಮುಗಿಯುವ ಮೊದಲೇ ಅವೆರಡೂ ಊರಿನ ವಾಟ್ಸ್ಆ್ಯಪ್ ಗುಂಪುಗಳನ್ನು ತಲುಪಿರುತ್ತವೆ. ಹಾಗಾದರೆ ಇದರಲ್ಲಿ ಯಾವುದು ನ್ಯಾಯ, ಯಾವುದು ಅನ್ಯಾಯ?

ಇಲ್ಲಿ ಮೂರು ಬೇರೆ ಬೇರೆ ಕೃತ್ಯಗಳಿವೆ. ಇತರರಿಬ್ಬರ ಮಾತನ್ನು ಕದ್ದು ಕೇಳುವುದು ಒಂದು. ತಾನೇ ಭಾಗಿಯಾದ ಮಾತನ್ನು ಮುದ್ರಿಸಿಕೊಳ್ಳುವುದು ಇನ್ನೊಂದು. ಮುದ್ರಿಸಿದ್ದನ್ನು ಹರಡುವುದು ಮತ್ತೊಂದು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದಲೇ ಗೊಂದಲ ಹುಟ್ಟುತ್ತದೆ.

ಮೊದಲನೆಯದು ಸರಕಾರಕ್ಕೂ ನಿರ್ಬಂಧಿತವಾದುದು. ದೂರವಾಣಿ ಕದ್ದಾಲಿಕೆಯ ಆರೋಪದಿಂದಾಗಿ 1988ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು. ದೂರವಾಣಿಯಲ್ಲಿ ಮಾತನಾಡುವುದು ಖಾಸಗಿ ಬದುಕಿನ ಭಾಗವೆಂದೂ, ಸಂವಿಧಾನದ 21ನೇ ವಿಧಿ ಅದಕ್ಕೆ ರಕ್ಷಣೆ ನೀಡುತ್ತದೆಂದೂ ಪಿಯುಸಿಎಲ್ ಮೊಕದ್ದಮೆಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟು ಸಾರಿತು. ಆಲಿಕೆಗೆ ಉನ್ನತಾಧಿಕಾರಿಯ ಲಿಖಿತ ಆದೇಶ, ಕಾಲಮಿತಿ ಮತ್ತು ಪರಿಶೀಲನಾ ಸಮಿತಿ ಇರಬೇಕೆಂದು ವಿಧಿಸಿತು. ಇಂದು 2023ರ ದೂರಸಂಪರ್ಕ ಕಾಯ್ದೆಯ ಪ್ರಕಾರ ಸಂದೇಶಗಳನ್ನು ಕಾನೂನುಬಾಹಿರವಾಗಿ ಕದ್ದಾಲಿಸಿದವರಿಗೆ 3 ವರ್ಷಗಳವರೆಗೆ ಸೆರೆವಾಸ, 2 ಕೋಟಿ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಪತ್ನಿ ತನ್ನ ತವರಿನವರೊಡನೆ ಆಡುವ ಮಾತನ್ನು ಆಕೆಗೆ ತಿಳಿಯದಂತೆ ಮುದ್ರಿಸುವ ಪತಿ ತಾನು ಯಾವ ಸಾಲಿಗೆ ಸೇರುತ್ತಿದ್ದೇನೆಂದು ಯೋಚಿಸಲಿ. ಇಂತಹ ಪ್ರಕರಣವೊಂದರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಗಂಡನ ಕೃತ್ಯವನ್ನು ಕಾನೂನುಬಾಹಿರವೆಂದು ತೀರ್ಮಾನಿಸಿದೆ.

ಎರಡನೆಯದರ ಸ್ಥಿತಿ ಭಿನ್ನ. ತನ್ನದೇ ಕರೆಯನ್ನು ಮುದ್ರಿಸಿಕೊಳ್ಳುವುದನ್ನು ನೇರವಾಗಿ ನಿಷೇಧಿಸುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಮುಂಬಯಿಯ ಲಂಚ ಪ್ರಕರಣವೊಂದರಲ್ಲಿ, ಮಾತನಾಡುತ್ತಿದ್ದ ಇಬ್ಬರಲ್ಲಿ ಒಬ್ಬರ ಒಪ್ಪಿಗೆಯಿಂದ ಮಾಡಿದ ಮುದ್ರಣವನ್ನು 1972ರಲ್ಲಿ ಸುಪ್ರೀಂ ಕೋರ್ಟು ಸಾಕ್ಷ್ಯವಾಗಿ ಒಪ್ಪಿಕೊಂಡಿತು. ಆದರೆ ಮಾತು ವಿಷಯಕ್ಕೆ ಸಂಬಂಧಿಸಿರಬೇಕು, ಧ್ವನಿ ಯಾರದೆಂದು ಗುರುತಿಸುವಂತಿರಬೇಕು, ತಿದ್ದಿಲ್ಲವೆಂದು ಸಾಬೀತಾಗಬೇಕು ಎಂಬ ಷರತ್ತುಗಳೂ ಅದರೊಂದಿಗಿವೆ.

2017ರಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ಹೇಳಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಬಳಿಕ, ಪತ್ನಿಗೆ ತಿಳಿಸದೆ ಮಾಡಿದ ಮುದ್ರಣವನ್ನು ಕೆಲವು ಹೈಕೋರ್ಟುಗಳು ತಿರಸ್ಕರಿಸಿದವು. ಆದರೆ 2025ರ ಜುಲೈ 14ರಂದು ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟಿನ ಪೀಠವು, ದಂಪತಿಯ ನಡುವಿನ ಮೊಕದ್ದಮೆಯಲ್ಲಿ ಅವರಿಬ್ಬರ ನಡುವಿನ ಮಾತಿನ ಮುದ್ರಣವನ್ನು ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ತೀರ್ಪಿತ್ತಿತು. ಪರಸ್ಪರ ಬೇಹುಗಾರಿಕೆ ನಡೆಸುವ ಹಂತಕ್ಕೆ ದಂಪತಿ ತಲುಪಿದ್ದರೆ, ದಾಂಪತ್ಯದ ನಂಬಿಕೆ ಅದಾಗಲೇ ಮುರಿದಿದೆ ಎಂಬ ಅಭಿಪ್ರಾಯವೂ ಆ ತೀರ್ಪಿನಲ್ಲಿದೆ.

ಈ ತೀರ್ಪನ್ನು ಕೆಲವರು ಗೂಢಚರ್ಯೆಗೆ ಸಿಕ್ಕ ಪರವಾನಗಿಯೆಂದು ಭಾವಿಸಿದ್ದಾರೆ. ಇದು ದೊಡ್ಡ ತಪ್ಪು ಗ್ರಹಿಕೆ. ನ್ಯಾಯಾಲಯವು ತನ್ನ ಬಾಗಿಲನ್ನು ತೆರೆದಿದೆಯೇ ಹೊರತು ವಾಟ್ಸ್ಆ್ಯಪ್‌ನ ಬಾಗಿಲನ್ನಲ್ಲ. ನ್ಯಾಯಾಧೀಶರು ಸತ್ಯವನ್ನು ಅರಿಯುವುದಕ್ಕಾಗಿ ಕೇಳುತ್ತಾರೆ. ಗುಂಪುಗಳಲ್ಲಿರುವವರು ಮೋಜಿಗಾಗಿ ಕೇಳುತ್ತಾರೆ. ಒಬ್ಬ ಹೆಣ್ಣುಮಗಳು ಅಳುತ್ತಾ ಆಡಿದ ಮಾತು ಹತ್ತು ಮನೆಗಳಲ್ಲಿ ನಗೆಯ ವಸ್ತುವಾದರೆ, ಮುಂದೆ ರಾಜಿಯಾದರೂ ಆಕೆ ಯಾವ ಮುಖ ಹೊತ್ತು ಆ ಊರಿನಲ್ಲಿ ಬಾಳಬೇಕು? ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯವು ಇತರರ ಗುಟ್ಟನ್ನು ಕೆದಕುವುದನ್ನೂ ಪರನಿಂದೆಯನ್ನೂ ಒಂದೇ ಸೂಕ್ತದಲ್ಲಿ ನಿಷೇಧಿಸಿರುವುದು ಅರ್ಥಪೂರ್ಣವಾಗಿದೆ. ಒಂದು ಕೆಡುಕು ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ.

ಕೊಲ್ಲಿಯಲ್ಲಿ ದುಡಿಯುವ ನಮ್ಮ ಯುವಕರಿಗೆ ಇನ್ನೊಂದು ಎಚ್ಚರಿಕೆ. ಭಾರತದ ನಿಯಮ ಅಲ್ಲಿಗೆ ಅನ್ವಯಿಸದು. ಯುಎಇಯ 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ, ಒಪ್ಪಿಗೆಯಿಲ್ಲದೆ ಇತರರ ಖಾಸಗಿ ಸಂಭಾಷಣೆಯನ್ನು ಮುದ್ರಿಸುವುದು ಅಥವಾ ಹರಡುವುದು ಅಪರಾಧ. ಅದಕ್ಕೆ ಕನಿಷ್ಠ 6 ತಿಂಗಳ ಸೆರೆವಾಸ, ಒಂದೂವರೆ ಲಕ್ಷದಿಂದ 5 ಲಕ್ಷ ದಿರ್ಹಮ್‌ವರೆಗಿನ ದಂಡ ಅಥವಾ ಎರಡರಲ್ಲೊಂದು ಶಿಕ್ಷೆಯಿದೆ. ಕೋಣೆಯ ಜೊತೆಗಾರನೊಡನೆ ನಡೆದ ವಾಗ್ವಾದವನ್ನು ಮುದ್ರಿಸಿ ಊರಿಗೆ ಕಳುಹಿಸುವವನು ತನ್ನ ಉದ್ಯೋಗವನ್ನೇ ಪಣಕ್ಕಿಡುತ್ತಾನೆ.

ಹಾಗೆಂದು ಮರ್ದಿತರು ಬರಿಗೈಯಲ್ಲಿ ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ವರದಕ್ಷಿಣೆಯ ಪೀಡನೆ, ಕೊಲೆ ಬೆದರಿಕೆ, ಲಂಚದ ಬೇಡಿಕೆ ಇವೆಲ್ಲ ಮುಚ್ಚಿದ ಬಾಗಿಲಿನ ಹಿಂದೆಯೇ ನಡೆಯುತ್ತವೆ. ಅಲ್ಲಿ ಮೊಬೈಲ್ ದುರ್ಬಲರ ಏಕೈಕ ಸಾಕ್ಷಿಯಾಗಬಹುದು. ಅಂತಹ ಸಂದರ್ಭದಲ್ಲಿ ಮುದ್ರಣವನ್ನು ಕತ್ತರಿಸದೆ ಮೂಲ ಮೊಬೈಲ್‌ನಲ್ಲಿಯೇ ಉಳಿಸಿಕೊಳ್ಳಿ. ವಕೀಲರಿಗೆ ಅಥವಾ ಪೊಲೀಸರಿಗೆ ಮಾತ್ರ ಒಪ್ಪಿಸಿ. ಪ್ರತಿಯನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರವೂ ಬೇಕು. ಉಳಿದ ಕರೆಗಳಲ್ಲಿ ‘ಇದನ್ನು ರೆಕಾರ್ಡ್ ಮಾಡುತ್ತಿದ್ದೇನೆ’ ಎಂದು ಮೊದಲೇ ತಿಳಿಸುವುದು ಪ್ರಾಮಾಣಿಕತೆ.

ಜಮಾಅತ್‌ನ ಹಿರಿಯರಲ್ಲಿ ನನ್ನದೊಂದು ವಿನಂತಿಯಿದೆ. ತುಂಬಿದ ಸಭೆಯಲ್ಲಿ ಯಾರ ಧ್ವನಿಯನ್ನೂ ಕೇಳಿಸಲು ಅವಕಾಶ ಕೊಡಬೇಡಿ. ಕೇಳಲೇಬೇಕಾದರೆ ಇಬ್ಬರು ಮೂವರು ಮಾತ್ರ, ಮೊದಲಿನಿಂದ ಕೊನೆಯವರೆಗೆ, ಆ ಧ್ವನಿಯವರ ಸಮ್ಮುಖದಲ್ಲಿಯೇ ಕೇಳಿ. ಒಂದು ನಿಮಿಷದ ತುಣುಕಿನಲ್ಲಿ ಸಿಟ್ಟು ಕೇಳಿಸುತ್ತದೆ, ಆ ಸಿಟ್ಟಿಗೆ ಕಾರಣವಾದ ಹತ್ತು ನಿಮಿಷಗಳು ಕೇಳಿಸುವುದಿಲ್ಲ. ನಿಮ್ಮ ಮೊಬೈಲ್‌ಗೆ ಅಂತಹ ತುಣುಕು ಬಂದರೆ ಮುಂದಕ್ಕೆ ಕಳುಹಿಸದೆ ಅಳಿಸಿಬಿಡಿ. ಒಂದು ಕುಟುಂಬದ ಮಾನ ಉಳಿಸಲು ಕೆಲವೊಮ್ಮೆ ಅಷ್ಟು ಸಾಕು.