ಹೊಲದ ಇಲಿಗಳೂ ಅವುಗಳ ನೆಲೆಗಳೂ

(ಅಂಕಲಗಿಯ ಜಮೀನುದಾರರನ್ನೂ ಗ್ರಾಮದ ಮುಖಂಡರನ್ನೂ ಉದ್ದೇಶಿಸಿದ ಉಪನ್ಯಾಸ)



ಇಲಿಯ ಕಾಟವು ನಿಮ್ಮಲ್ಲಿ ಯಾರಿಗೂ ಹೊಸದಲ್ಲ. ಆದರೆ ‘ಇಲಿ’ ಎಂಬ ಒಂದೇ ಹೆಸರಿನಿಂದ ನಾವು ಕರೆಯುವ ಪ್ರಾಣಿಗಳು ವಾಸ್ತವವಾಗಿ ಐದಾರು ಬಗೆಯವಾಗಿದ್ದು, ಒಂದೊಂದು ಬಗೆಯೂ ತನಗೆ ಒಗ್ಗಿದ ನೆಲವನ್ನೇ ಆರಿಸಿಕೊಳ್ಳುತ್ತದೆಂಬ ಸಂಗತಿಯ ಕಡೆಗೆ ಗಮನ ಕೊಟ್ಟವರು ವಿರಳ. ಎರೆ ಹೊಲದ ಇಲಿಗೆ ಹೂಡಿದ ಉಪಾಯವನ್ನೇ ಮಡ್ಡಿಯ ಇಲಿಗೂ ಹೂಡಿ, ಫಲ ಕಾಣದೆ, ಔಷಧವನ್ನು ದೂಷಿಸುವುದುಂಟು. ಆದುದರಿಂದ ಯಾವ ಇಲಿಯು ಎಲ್ಲಿ ನೆಲಸುತ್ತದೆಂಬುದನ್ನು ಮೊದಲು ಅರಿಕೆಮಾಡುತ್ತೇನೆ.

ಈ ವಿಷಯದಲ್ಲಿ ನಮ್ಮ ಸೀಮೆಗೆ ಒಂದು ವಿಶೇಷ ಅನುಕೂಲವಿದೆ. 1824ರ ಕಿತ್ತೂರಿನ ಯುದ್ಧದಲ್ಲಿ ರಾಣಿ ಚೆನ್ನಮ್ಮನವರ ಕಡೆಯವರಿಗೆ ಸೆರೆಸಿಕ್ಕಿದ್ದ ವಾಲ್ಟರ್ ಎಲಿಯಟ್ ಎಂಬ ಬ್ರಿಟಿಷ್ ಅಧಿಕಾರಿಯು, ತರುವಾಯ ಹಲವು ವರ್ಷ ಈ ಸೀಮೆಯಲ್ಲಿಯೇ ಕೆಲಸದಲ್ಲಿದ್ದು, ಇಲ್ಲಿನ ಪ್ರಾಣಿಗಳನ್ನು ಕುರಿತು 1839ರಲ್ಲಿ ಮದರಾಸಿನ ಒಂದು ವಿದ್ವತ್ಪತ್ರಿಕೆಯಲ್ಲಿ ವಿವರವಾಗಿ ಬರೆದನು. ಬಿಲಗಳ ವಿಷಯದಲ್ಲಿ ಅವನ ನಿಜವಾದ ಗುರುಗಳು ಮಣ್ಣು ಅಗೆಯುವ ಕಸುಬಿನ ವಡ್ಡರೇ ಎಂದು ನನ್ನ ಅಭಿಪ್ರಾಯ. ಅವರು ಒಂದು ಇಲಿಗೆ ‘ಮೆಟ್ಟಾಡೆ’ ಎನ್ನುತ್ತಿದ್ದರು. ಅದೇ ಹೆಸರು ‘ಮೆಲ್ಟಾಡ’ ಎಂಬ ರೂಪದಲ್ಲಿ ಇಂದಿಗೂ ಆ ಇಲಿಯ ಶಾಸ್ತ್ರೀಯ ನಾಮದಲ್ಲಿ ಉಳಿದಿದೆ.

ಈ ಮೆಟ್ಟಾಡೆಯು ಮೆತ್ತನೆಯ ಕೂದಲಿನ ಹೊಲದಿಲಿ. ಕಾಡನ್ನಾಗಲಿ ಮನೆಯನ್ನಾಗಲಿ ಬಯಸದೆ, ಸಾಗುವಳಿಯ ಹೊಲವನ್ನೇ ನಂಬಿ, ಐದಾರರ ಗುಂಪಾಗಿ ಬಾಳುತ್ತದೆ. ಬಿಲ ತೋಡುವುದರಲ್ಲಿ ಇದು ಬಲು ಸೋಮಾರಿ. ಕಂಟಿಯ ಬುಡ, ಹೊಲದಲ್ಲಿ ಆಯ್ದು ಹಾಕಿದ ಕಲ್ಲುರಾಶಿ, ಹೆಗ್ಗಣವು ಬಿಟ್ಟುಹೋದ ಬಿಲ, ಇವುಗಳಿಂದಲೇ ತೃಪ್ತಿಪಡುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಬೇಸಗೆಯಲ್ಲಿ ಎರೆ ಭೂಮಿ ಬಾಯಿಬಿಟ್ಟಾಗ ಆ ಬಿರುಕುಗಳೇ ಇದಕ್ಕೆ ಮನೆ. ಮುಂಗಾರು ಹದವಾಗಿ ಸುರಿದರೆ ಬಿರುಕುಗಳು ಕುಸಿದು ಮುಚ್ಚಿ, ಒಳಗಿದ್ದ ಇಲಿಗಳು ಅಸಂಖ್ಯಾತವಾಗಿ ನಾಶವಾಗುತ್ತವೆ. ಹೀಗೆ ಮಳೆರಾಯನೇ ವರ್ಷ ವರ್ಷವೂ ರೈತನ ಕೆಲಸವನ್ನು ಮಾಡಿಕೊಡುತ್ತಾನೆ.

ಮಳೆ ತಪ್ಪಿದರೆ ಏನಾಗುವುದೆಂಬುದು 1826ರಲ್ಲಿ ಕಂಡುಬಂತು. ಆ ವರ್ಷ ಮುಂಗಾರಿನ ಆರಂಭದ ಮಳೆಗಳು ಸಾಲದೆಹೋದುದರಿಂದ ಇಲಿಗಳು ಬದುಕಿ ಉಳಿದು, ಮಿತಿಮೀರಿ ಹೆಚ್ಚಿದವು. ಬಿತ್ತಿದ ಬೀಜವನ್ನು ಬಿತ್ತಿದಂತೆಯೇ ತಿಂದವು. ಉಳಿದ ಪೈರು ಕಾಳುಕಟ್ಟುವಾಗ ಜೋಳದ ದಂಟನ್ನು ಹತ್ತಿ ತೆನೆಗಳನ್ನು ಕಡಿದು ಕೆಡವಿದವು. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾರದೆಹೋದುದನ್ನು ಎಲಿಯಟ್ಟನು ಕಣ್ಣಾರೆ ಕಂಡು ದಾಖಲೆಮಾಡಿದ್ದಾನೆ. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳೆಂದು ಗೊತ್ತುಮಾಡಿ, ರೈತರು ವಡ್ಡರಿಂದ ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಅವುಗಳ ಸಂಖ್ಯೆ ತಗ್ಗಿದಂತೆ ತೋರಲಿಲ್ಲ. ಆದುದರಿಂದ ರೋಹಿಣಿ, ಮೃಗಶಿರ ಮಳೆಗಳು ಕೈಕೊಟ್ಟ ವರ್ಷ ಎರೆ ಭೂಮಿಯವರು ಬಿತ್ತನೆಗೆ ಮೊದಲೇ ಎಚ್ಚೆತ್ತುಕೊಳ್ಳತಕ್ಕದ್ದು. ಪೈರು ಎದ್ದಮೇಲೆ ಕೊಲ್ಲಲು ಹೊರಟವರ ಪಾಡೇನೆಂಬುದಕ್ಕೆ ಆ ವರ್ಷವೇ ಸಾಕ್ಷಿ.

ಎರೆ ಭೂಮಿಯ ಇನ್ನೊಂದು ಶತ್ರು ಹೊಲದ ಹೆಗ್ಗಣ. ಎಲಿಯಟ್ಟನು ಇದಕ್ಕೆ ‘ಕೊಕ್’ ಎಂಬ ಕನ್ನಡದ ಹೆಸರನ್ನು ಬರೆದಿದ್ದಾನೆ. ಇದು ಒಂಟಿಜೀವಿ, ಸಿಟ್ಟು ಬಹಳ. ವಿಶಾಲವಾದ ಬಿಲವನ್ನು ತೋಡಿ, ಸುಗ್ಗಿಯಲ್ಲಿ ತೆನೆಗಳನ್ನೇ ಎಳೆದೊಯ್ದು ಕೂಡಿಡುತ್ತದೆ. ಒಂದೊಂದು ಬಿಲದಲ್ಲಿ ಅರ್ಧ ಸೇರಿನವರೆಗೆ ಕಾಳು ಸಿಕ್ಕುತ್ತಿತ್ತಂತೆ. ಬಾಯಿಯಲ್ಲಿ ಹೊಸ ಮಣ್ಣಿನ ಗುಡ್ಡೆಯಿದ್ದರೆ ಅದು ಇದರ ಬಿಲವೆಂದು ತಿಳಿಯಬಹುದು. ತೇವ ಇದಕ್ಕೆ ಬಲು ಇಷ್ಟ. ಘಟಪ್ರಭೆಯ ಕಾಲುವೆಗಳ ನೀರು ಹರಿದ ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗಗಳಲ್ಲಿ ಕಬ್ಬಿನ ಬೆಳೆ ಹಬ್ಬಿದಂತೆ ಇದಕ್ಕೆ ವರ್ಷವಿಡೀ ನೆರಳೂ ಆಹಾರವೂ ಸಿದ್ಧವಾದಂತಾಗಿದೆ. ಕಬ್ಬಿನ ಬುಡವನ್ನು ಕಡಿದು ಬೀಳಿಸುವುದಲ್ಲದೆ, ಬದುಗಳನ್ನೂ ಕಾಲುವೆಯ ದಂಡೆಗಳನ್ನೂ ತೂತುಮಾಡಿ ನೀರನ್ನು ಪೋಲುಮಾಡುತ್ತದೆ.

ನೆಲದ ಸ್ಥಿತಿ ಬದಲಾದರೆ ಪ್ರಾಣಿಯೂ ಬದಲಾಗುವುದು ನಮ್ಮಲ್ಲಿ ಮಾತ್ರವಲ್ಲ. ಸ್ವೀಡನ್, ಫಿನ್ಲೆಂಡ್ ಮೊದಲಾದ ಉತ್ತರ ದೇಶಗಳಲ್ಲಿ ಅರಣ್ಯವನ್ನು ಕಡಿದ ಬಯಲಿನಲ್ಲಿ ಹುಲ್ಲು ಬೆಳೆದೊಡನೆ, ಹುಲ್ಲನ್ನು ಬಯಸುವ ಒಂದು ಬಗೆಯ ಇಲಿ ಬಂದು ನೆಲಸಿ, ಹೊಸದಾಗಿ ನೆಟ್ಟ ಸಸಿಗಳ ತೊಗಟೆಯನ್ನು ಸುಲಿಯುತ್ತದೆ.

ಮಸಾರಿ, ಮರಳು ಬೆರೆತ ಒಣ ನೆಲದಲ್ಲಿ ಇರುವುದು ಬೇರೆ ಜಾತಿ. ಹಿಂಗಾಲು ಉದ್ದವಾಗಿ, ಬಾಲದ ತುದಿಯಲ್ಲಿ ಕುಚ್ಚಿದ್ದು, ನೆಗೆದು ಓಡುವ ಇಲಿಯನ್ನು ನೀವು ಬೆಳುದಿಂಗಳಲ್ಲಿ ಕಂಡಿರಬಹುದು. ಇದರ ಬಿಲಕ್ಕೆ ಬಾಯಿಗಳು ಹಲವು. ಒಂದನ್ನು ಮುಚ್ಚಿದರೆ ಇನ್ನೊಂದರಿಂದ ಪಾರಾಗುತ್ತದೆ. ಗರಸು ಮಣ್ಣಿನ ದಿಬ್ಬಗಳಲ್ಲಿ ಪುಟ್ಟ ಕಲ್ಲಿಲಿಯುಂಟು. ಒಳಹೊಕ್ಕ ಮೇಲೆ ಹರಳುಗಳಿಂದ ಬಾಗಿಲು ಮುಚ್ಚಿಕೊಳ್ಳುವ ಇದರ ಜಾಣತನವೇ ಇದರ ಗುರುತು. ಗುಡ್ಡದ ಕುರುಚಲು ಕಾಡಿನ ‘ಗುಲಾಂದಿ’ಯು ಮುಳ್ಳುಕಂಟಿಯಲ್ಲಿ ಒಣಹುಲ್ಲಿನಿಂದ ಉಂಡೆಯಂಥ ಗೂಡನ್ನು ಹೆಣೆಯುತ್ತದೆ. ಕಡೆಯ ಎರಡರಿಂದ ಬೆಳೆಗೆ ಹೇಳಿಕೊಳ್ಳುವಂಥ ನಷ್ಟವಿಲ್ಲ. ಅವುಗಳಿಗಾಗಿ ಹಣ ಕೆಡಿಸಬೇಡಿರಿ.

ಇನ್ನು ಉಪಾಯದ ಮಾತು. ಬೇಸಗೆಯಲ್ಲಿ ಹೊಲಗಳು ಬರಿದಾಗಿ, ಇಲಿಗಳು ಬದು, ಕಾಲುವೆಯ ದಂಡೆ, ಕಬ್ಬಿನ ತೋಟಗಳಲ್ಲಿ ಒತ್ತಾಗಿ ಸೇರಿರುವಾಗಲೇ ಕೈಹಚ್ಚತಕ್ಕದ್ದು. ಒಬ್ಬನು ಮಾತ್ರ ಮಾಡಿದರೆ ಪಕ್ಕದ ಹೊಲದ ಇಲಿಗಳು ಬಂದು ಬರಿದಾದ ಬಿಲಗಳನ್ನು ಸೇರುತ್ತವೆ. ಇಡೀ ಊರು ಒಂದೇ ವಾರದಲ್ಲಿ ಮಾಡುವಂತೆ ಗೊತ್ತುಮಾಡುವುದು ಮುಖಂಡರ ಕೆಲಸ. ಮೊದಲ ದಿನ ಎಲ್ಲ ಬಿಲಗಳನ್ನೂ ಮುಚ್ಚಿರಿ. ಮರುದಿನ ತೆರೆದಿರುವ ಬಿಲಗಳಲ್ಲಿ ಮಾತ್ರ ಇಲಿಯಿದೆ. ಎರಡು ಮೂರು ದಿನ ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ ಇಟ್ಟು ರುಚಿ ಹತ್ತಿಸಿ, ಅನಂತರ 96 ಪಾಲು ನುಚ್ಚು, 2 ಪಾಲು ಎಣ್ಣೆ, 2 ಪಾಲು ಸತುವಿನ ಫಾಸ್ಫೈಡ್ ಬೆರೆಸಿ, ಕಾಗದದ ಪೊಟ್ಟಣದಲ್ಲಿ ಬಿಲದ ಒಳಕ್ಕೆ ತಳ್ಳಿ ಬಾಯಿ ಮುಚ್ಚಿರಿ. ಇದು ಘೋರ ವಿಷ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ. ಬರಿಗೈಯಿಂದ ಮುಟ್ಟದೆ ಕೋಲಿನಿಂದ ಕಲಸತಕ್ಕದ್ದು; ಅಡಿಗೆಯ ಪಾತ್ರೆಯನ್ನು ಬಳಸಕೂಡದು; ಮಕ್ಕಳನ್ನೂ ದನಗಳನ್ನೂ ದೂರವಿಡತಕ್ಕದ್ದು. ಸತ್ತ ಇಲಿಗಳನ್ನೂ ಉಳಿದ ವಿಷವನ್ನೂ ಆಳವಾಗಿ ಹೂಳಿರಿ. ಇಲ್ಲವಾದರೆ ಇಲಿಯನ್ನು ತಿನ್ನುವ ಗೂಬೆಯೂ ಕಾಡುಬೆಕ್ಕೂ ನಾಯಿಯೂ ಸಾಯುವುವು.

ಕೇರೆಹಾವನ್ನು ಕಂಡಲ್ಲಿ ಹೊಡೆಯುವುದನ್ನು ಬಿಡಿರಿ. ಉದ್ದ ಮೂತಿಯ, ನಾರುವ ಮೂಗಿಲಿಯು ಇಲಿಯ ಜಾತಿಗೆ ಸೇರಿದುದಲ್ಲ. ಅದರ ಮುಖ್ಯ ಆಹಾರ ಹುಳುಹುಪ್ಪಟೆ. ಅದನ್ನು ಅದರ ಪಾಡಿಗೆ ಬಿಡತಕ್ಕದ್ದು.