ಕೊಲೊನೊಸ್ಕೋಪಿಗೆ ನಾನು ಎರಡು ಸಲ ಹೋದದ್ದು

(ಮಹಿಳಾ ವಿಭಾಗದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಆರಿಸಿದ ವಿಷಯ ಕೇಳಿ ನಮ್ಮ ಕಾರ್ಯದರ್ಶಿಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಊಟ ಆದ ಮೇಲೆ ಮಾತಾಡಿ" ಎಂದರು. ಅದಕ್ಕೇ ಈ ಹೊತ್ತು!

ನಾನು ಡಾಕ್ಟರಲ್ಲ, ಡೊಂಬಿವಲಿಯ ಗೃಹಿಣಿ. ಎರಡು ವರ್ಷದ ಹಿಂದೆ ಮಲದಲ್ಲಿ ರಕ್ತ ಕಂಡಿತು. ಮೂಲವ್ಯಾಧಿ ಇರಬೇಕೆಂದು ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ಡಾಕ್ಟರು ಕೊಲೊನೊಸ್ಕೋಪಿ ಬರೆದುಕೊಟ್ಟರು. ನಮ್ಮ ದೊಡ್ಡಪ್ಪ ಕರುಳಿನ ಕ್ಯಾನ್ಸರಿನಿಂದ ಹೋದವರು. ಚೀಟಿ ಕೈಗೆ ಬಂದಾಗಿನಿಂದ ನನ್ನ ಕಣ್ಣ ಮುಂದೆ ಅವರದೇ ಮುಖ. ಮೂರು ದಿನ ನಿದ್ದೆಯಿಲ್ಲ, ಮಲವಿಸರ್ಜನೆಯೂ ಇಲ್ಲ.

ಆಗ ಹುಬ್ಬಳ್ಳಿಯಿಂದ ಅತ್ತೆ ಬಂದಿದ್ದರು. ಗಾಬರಿಯಾಗುತ್ತಾರೆಂದು ಅವರಿಗೂ ಹೇಳಲಿಲ್ಲ. ಹಿಂದಿನ ದಿನ ಸೊಪ್ಪು, ಬೀಜ, ನಾರಿನ ಪದಾರ್ಥ ಬೇಡ ಎಂದು ಹಾಳೆಯಲ್ಲಿ ಬರೆದಿತ್ತು. ಅವರು ಬಡಿಸಿದ ಜೋಳದ ರೊಟ್ಟಿ, ಮೆಂತ್ಯ ಪಲ್ಯ ಸುಮ್ಮನೆ ತಿಂದೆ. ಸಂಜೆ ಔಷಧಿಯ ಪುಡಿ ಎರಡು ಲೀಟರ್ ನೀರಿಗೆ ಕಲಸಿ, ಅಡುಗೆಮನೆಯಲ್ಲಿ ನಿಂತು ಕದ್ದು ಗಟಗಟ ಕುಡಿದೆ. ನಾಲ್ಕನೇ ಲೋಟಕ್ಕೆ ಎಲ್ಲಾ ವಾಂತಿ. ಉಳಿದದ್ದನ್ನು ಸಿಂಕಿಗೆ ಸುರಿದೆ. ಬೆಳಿಗ್ಗೆ ನರ್ಸ್ "ಪೂರ್ಣ ಪ್ಯಾಯಲಾತ್ ಕಾ?" ಎಂದು ಕೇಳಿದಳು. "ಹೋ" ಅಂದೆ.

ಸುಳ್ಳು ಐದೇ ನಿಮಿಷ ಬಾಳಿತು. ಕರುಳು ಕಾಣುತ್ತಿಲ್ಲ, ಇನ್ನೊಮ್ಮೆ ಮಾಡಬೇಕು ಎಂದು ಡಾಕ್ಟರು ಪರೀಕ್ಷೆ ನಿಲ್ಲಿಸಿದರು. ಆಗಲೇ ಅಳುತ್ತಾ ಎಲ್ಲಾ ಹೇಳಿದೆ. ಅವರು ಬೈಯಲಿಲ್ಲ. ಹೆದರಿದಾಗ ಮಿದುಳಿನಿಂದ ಬರುವ ಸಂಕೇತಗಳು ಜಠರವನ್ನು ನಿಧಾನ ಮಾಡುತ್ತವೆ, ಕುಡಿದದ್ದು ಕೆಳಗಿಳಿಯದೆ ಅಲ್ಲೇ ನಿಂತು ಹೊಟ್ಟೆ ತೊಳಸುತ್ತದೆ ಎಂದು ವಿವರಿಸಿದರು. ನನಗೊಂದು ಅನುಮಾನ. "ಪರೀಕ್ಷೆಯ ದಿನ ಮಕ್ಕಳಿಗೆ ಭೇದಿಯಾಗುತ್ತದಲ್ಲ ಡಾಕ್ಟರೇ, ಹೆದರಿದರೆ ಕರುಳು ತಾನೇ ಖಾಲಿಯಾಗಬೇಕಲ್ಲವೇ?" ಅವರು ನಕ್ಕರು. ದೊಡ್ಡ ಕರುಳು ಚುರುಕಾಗುವುದು ನಿಜ. ಆದರೆ ಎಲ್ಲರಿಗೂ ಹಾಗಲ್ಲ, ಕೆಲವರಿಗೆ ಮಲಬದ್ಧತೆಯೇ ಆಗುತ್ತದೆ. ಅಲ್ಲದೆ ಈ ಔಷಧಿ ಮೈಗೆ ಹೀರಿಕೊಳ್ಳದೆ ನೀರಿನ ರಾಶಿಯಿಂದಲೇ ಕರುಳನ್ನು ತೊಳೆಯುವಂಥದ್ದು. ನೀರೇ ಮೇಲೆ ನಿಂತರೆ ಕೆಳಗೆ ತೊಳೆಯುವವರು ಯಾರು? ಮೂರು ದಿನದ ಮಲಬದ್ಧತೆಯನ್ನು ಮೊದಲೇ ಹೇಳಿದ್ದರೆ ತಯಾರಿಯನ್ನೇ ಬದಲಿಸುತ್ತಿದ್ದರಂತೆ.

ಎರಡನೇ ಸಲ ಮನೆಯವರಿಗೆಲ್ಲ ಹೇಳಿಬಿಟ್ಟೆ. ಅಡುಗೆಮನೆ ಯಜಮಾನರದು. ಎರಡು ದಿನ ಬಿಳಿ ಅನ್ನ, ಮಜ್ಜಿಗೆ; ಹಿಂದಿನ ದಿನ ಬರೀ ತಿಳಿ ಪಾನೀಯ, ಹಾಲಿಲ್ಲದ ಚಹಾ. ಡಾಕ್ಟರು ಹೇಳಿದಂತೆ ಕಬ್ಬಿಣಾಂಶದ ಮಾತ್ರೆ ಒಂದು ವಾರ ಮುಂಚೆಯೇ ಬಂದ್. (ಸಕ್ಕರೆ ಕಾಯಿಲೆಯವರು, ರಕ್ತ ತೆಳುವಾಗಿಸುವ ಮಾತ್ರೆಯವರು ಕೇಳದೆ ಏನೂ ನಿಲ್ಲಿಸಬೇಡಿ.) ಔಷಧಿ ಅರ್ಧ ರಾತ್ರಿ, ಅರ್ಧ ಬೆಳಗಿನ ಜಾವ ಐದಕ್ಕೆ, ಪರೀಕ್ಷೆ ಹತ್ತಕ್ಕೆ. ಫ್ರಿಜ್ಜಿನಲ್ಲಿಟ್ಟು, ಸ್ಟ್ರಾ ಹಾಕಿ, ಹದಿನೈದು ನಿಮಿಷಕ್ಕೊಂದು ಲೋಟ. ವಾಕರಿಕೆ ಬಂದಾಗ ಅರ್ಧ ಗಂಟೆ ನಿಲ್ಲಿಸಿ ಹಾಲಿನಲ್ಲೇ ಓಡಾಡಿದೆ. ವಾಂತಿಯ ಮಾತ್ರೆಯನ್ನೂ ಬರೆಸಿಕೊಂಡಿದ್ದೆ. ಹೆದರಿಕೆ ಹೋಗಿತ್ತೆಂದು ಹೇಳಲಾರೆ, ಆದರೆ ಟಿವಿಯ ಮುಂದೆ ನನ್ನವರು ಪಕ್ಕದಲ್ಲಿದ್ದರು, ಲೋಟ ಎಣಿಸುತ್ತಾ. ಬೆಳಿಗ್ಗೆ ಏಳರ ಹೊತ್ತಿಗೆ ಬರೀ ತಿಳಿ ಹಳದಿ ನೀರು.

ಎರಡು ಪಾಲಿಪ್ ಸಿಕ್ಕವು. ಅಲ್ಲೇ ತೆಗೆದರು. ಅಡಿನೋಮಾ ಎಂದು ವರದಿ ಬಂತು, ವರ್ಷಗಳು ಕಳೆದಂತೆ ಕೆಲವು ಕ್ಯಾನ್ಸರಾಗಬಲ್ಲ ಜಾತಿ. ಮೊದಲ ಸಲವೂ ಅವು ಅಲ್ಲೇ ಇದ್ದವು, ಮೆಂತ್ಯ ಸೊಪ್ಪಿನ ಹಿಂದೆ.

ಆಸ್ಪತ್ರೆಯ ಹಾಳೆ ಇಂಗ್ಲಿಷ್, ಮರಾಠಿಯಲ್ಲಿತ್ತು. ಅದನ್ನು ಕನ್ನಡದಲ್ಲಿ ಬರೆದಿಟ್ಟಿದ್ದೇನೆ. ಮುಂದಿನ ತಿಂಗಳು ಅತ್ತೆಗೂ ಇದೇ ಪರೀಕ್ಷೆ. ಮೊನ್ನೆ ಓದಿ ಹೇಳುತ್ತಿದ್ದಾಗ ಮಧ್ಯದಲ್ಲೇ ತಡೆದು ಕೇಳಿದರು: "ಅವತ್ತ ನನಗೊಂದು ಮಾತು ಹೇಳಿದ್ದರ, ನಾ ಪಲ್ಯ ಬಡಸ್ತಿದ್ನೇನವಾ?"